ಮಲ್ಲೇಶ್ವರದಲ್ಲಿ ಹಳೇ ಫ್ಲ್ಯಾಟು ಕೊಳ್ಳಲೋ, ಬಾಡಿಗೆಗೆ ಹೋಗಲೋ? ಅನುಭವ ಇದ್ದವರು ಹೇಳಿ

ಕೇಳಿದವರು:
ನನಗೆ ಪೀಣ್ಯದಲ್ಲಿ ಕೆಲಸ. ಅಪ್ಪ, ಅಮ್ಮ ಶಿವಮೊಗ್ಗದಿಂದ ನನ್ನ ಜೊತೆ ಇರಲು ಬರುತ್ತಿದ್ದಾರೆ. ಗುಡಿ, ತರಕಾರಿ ಅಂಗಡಿ ನಡೆದು ಹೋಗುವಷ್ಟು ದೂರದಲ್ಲಿರಲಿ ಅಂತ ಅಮ್ಮನ ಆಸೆ. ಮಲ್ಲೇಶ್ವರದಲ್ಲಿ ಒಂದು ಹಳೇ ಫ್ಲ್ಯಾಟು ಮಾರಾಟಕ್ಕಿದೆ. ಕೊಳ್ಳಬಹುದಾ?

ಇಲ್ಲೇ ಹುಟ್ಟಿ ಬೆಳೆದವಳು:
ಮೊದಲು ಬಾಡಿಗೆಗೆ ಬನ್ನಿ, ಒಂದು ವರ್ಷ ಇದ್ದು ನೋಡಿ. ಯಾಕೆ ಅಂತ ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಮಲ್ಲೇಶ್ವರ ಬಡಾವಣೆ ಆಗಿದ್ದು 1890ರ ದಶಕದಲ್ಲಿ. 1898ರಲ್ಲಿ ಹಳೇ ಬೆಂಗಳೂರು ಪೇಟೆಗೆ ಪ್ಲೇಗ್ ಬಂತು, ಇಕ್ಕಟ್ಟಿನ ಬೀದಿಗಳಲ್ಲಿದ್ದ ಜನ ಗಾಳಿ ಬೆಳಕು ಹುಡುಕಿಕೊಂಡು ಇತ್ತ ಬಂದರು. ಅದಕ್ಕೇ ಇಲ್ಲಿ ನೇರ ರಸ್ತೆಗಳು, ಮನೆ ಸುತ್ತ ಜಾಗ, ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಸಣ್ಣ ಗಲ್ಲಿ. ಕನ್ಸರ್ವೆನ್ಸಿ ಅನ್ನುತ್ತೇವೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಓಡಾಡುತ್ತಿದ್ದ ದಾರಿ ಅದು. ನಮ್ಮಜ್ಜಿ ಮನೆಯ ಹಿತ್ತಿಲಲ್ಲಿ ಒಗೆಯುವ ಕಲ್ಲು, ಅದರಾಚೆ ಸಂಪಿಗೆ ಮರ, ಕಾಂಪೌಂಡಿಗೆ ಒಂದು ಗಿಡ್ಡ ತಗಡಿನ ಬಾಗಿಲು ಇತ್ತು. ಆ ಬಾಗಿಲು ಯಾರಿಗೆ ಅಂತ ನನಗೆ ಗೊತ್ತಾಗಿದ್ದು ದೊಡ್ಡವಳಾದ ಮೇಲೆ, ಈಗಲೂ ನೆನೆದರೆ ಸಂಕಟವಾಗುತ್ತದೆ.

ಈಗ ಇಲ್ಲಿ ಖಾಲಿ ಸೈಟು ಸಿಗೋದು ತೀರಾ ಕಮ್ಮಿ. ಹಳೇ ಮನೆ ಒಡೆದರೇನೇ ಹೊಸ ಫ್ಲ್ಯಾಟು. ಅಜ್ಜನ ಹೆಸರಿನ ಮನೆ, ಐದಾರು ಮಕ್ಕಳು, ಯಾರೋ ಇಬ್ಬರು ಹೊರದೇಶದಲ್ಲಿ. ಬಿಲ್ಡರ್ ಬಂದು ಜಾಯಿಂಟ್ ಡೆವಲಪ್‌ಮೆಂಟ್ ಅಂತ ಕರಾರು ಮಾಡಿಕೊಂಡು ಕಟ್ಟುತ್ತಾನೆ, ಒಂದಷ್ಟು ಫ್ಲ್ಯಾಟು ಮನೆಯವರಿಗೆ, ಉಳಿದದ್ದು ಮಾರಾಟಕ್ಕೆ. ಆದ್ದರಿಂದ ಟೈಲ್ಸು, ಬಾಲ್ಕನಿ ಆಮೇಲೆ ನೋಡಿ, ಮೊದಲು ಆ ಮನೆತನದ ಕಾಗದ ನೋಡಿ. ಹೆಣ್ಣುಮಕ್ಕಳ ಸಹಿ ಇದೆಯಾ? ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು, ಅಪ್ಪ ಅದಕ್ಕೆ ಮುಂಚೆಯೇ ತೀರಿಕೊಂಡಿದ್ದರೂ ಆ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ, ಆಸ್ತಿ ಹಂಚಿಕೊಂಡ ವಿಭಾಗ ಪತ್ರ ಇದ್ದರೆ ಅದರ ಮಾತು ಬೇರೆ. ನಮ್ಮ ಮನೆಯಲ್ಲೇ ಸೋದರತ್ತೆಯನ್ನು ಒಂದು ಮಾತೂ ಕೇಳದೆ ವ್ಯಾಪಾರ ಕುದುರಿಸಿದ್ದರು. ಅತ್ತೆ ಕೋರ್ಟಿಗೆ ಹೋದರು, ಅಡ್ವಾನ್ಸ್ ಕೊಟ್ಟವರು ನಾಲ್ಕು ವರ್ಷ ಅಲೆದರು. ಪಾಪ, ಅವರದ್ದೇನೂ ತಪ್ಪಿರಲಿಲ್ಲ. ಆದರೆ ಅತ್ತೆ ಮಾಡಿದ್ದೇ ಸರಿ.

ಬಾಡಿಗೆಗೆ ಇರುವವನು:
ಅಕ್ಕ ಹೇಳಿದ್ದು ನಿಜ. ಬಾಡಿಗೆಯಲ್ಲೂ ಹುಷಾರು. ನನ್ನ ಮೊದಲ ಮನೆಯವರು ಹತ್ತು ತಿಂಗಳ ಅಡ್ವಾನ್ಸ್ ತೆಗೆದುಕೊಂಡು, ಬಿಡುವಾಗ ಬಣ್ಣಕ್ಕೆ ಅಂತ ಎರಡು ತಿಂಗಳದ್ದು ಹಿಡಿದುಕೊಂಡರು. ಬಣ್ಣಕ್ಕೆ ಎಷ್ಟು, ಬಾಕಿ ಯಾವಾಗ ವಾಪಸ್ಸು, ಎರಡೂ ಕರಾರು ಪತ್ರದಲ್ಲಿ ಬರೆಸಿ. ಲೀಸ್‌ಗೆ ಹೋಗುವುದಾದರೆ, ಅಂದರೆ ತಿಂಗಳ ಬಾಡಿಗೆ ಬದಲು ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಇರುವುದಾದರೆ, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿಕೊಳ್ಳಿ.

ನಿಮ್ಮ ಕೆಲಸಕ್ಕೆ ಹಸಿರು ಮೆಟ್ರೊ ಅನುಕೂಲ, ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ 2014ರಿಂದಲೇ ಓಡುತ್ತಿದೆ. ಆದರೆ ಸ್ಟೇಷನ್ ಇರೋದು ಮಲ್ಲೇಶ್ವರದ ಒಂದು ತುದಿಯಲ್ಲಿ, 18ನೇ ಕ್ರಾಸಿನಿಂದ ದಿನಾ ನಡೆಯೋಕೆ ದೂರ. ಹೂವು, ತರಕಾರಿಗೆ 8ನೇ ಕ್ರಾಸು, ಕಾಡು ಮಲ್ಲೇಶ್ವರನ ಗುಡಿ 15ನೇ ಕ್ರಾಸಿನ ಹತ್ತಿರ. ಇವೆರಡರ ನಡುವೆ ಹುಡುಕಿ, ಅಮ್ಮನಿಗೂ ಖುಷಿ ಆಗುತ್ತೆ.

ಫ್ಲ್ಯಾಟು ಕೊಂಡವರು:
ನಾವು ಕೊಂಡೆವು, ಬೇಜಾರಿಲ್ಲ. ಆದರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಅತ್ತೆಯವರಿಗೆ ಮಂಡಿನೋವು ಶುರುವಾದ ಮೇಲೆ ಗುಡಿಗೆ ಹೋಗೋದೇ ನಿಂತುಹೋಯಿತು. ನಿಮ್ಮದೂ ಅಂಥದ್ದೇ ಆಗಿದ್ದರೆ ಬೇಡ. ಇನ್ನೊಂದು, ಫ್ಲ್ಯಾಟಿನ ಜೊತೆ ನೆಲದಲ್ಲಿ ನಿಮ್ಮ ಪಾಲು ಎಷ್ಟು ಅಂತ ಕ್ರಯಪತ್ರದಲ್ಲಿ ನೋಡಿ. ಕಟ್ಟಡ ಹಳೇದಾಗುತ್ತೆ, ಮುಂದೆ ಒಡೆದು ಕಟ್ಟುವಾಗ ಬೆಲೆ ಬರೋದು ಆ ನೆಲಕ್ಕೇ. ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಆಗಿದೆಯಾ ಕೇಳಿ, ಆಸ್ತಿ ಮೇಲಿನ ಸಾಲ, ಹಿಂದಿನ ಮಾರಾಟ ತೋರಿಸುವ ಇ.ಸಿ. ತೆಗೆಸಿ, ವಕೀಲರಿಗೆ ತೋರಿಸದೆ ಒಂದು ರೂಪಾಯಿಯೂ ಕೊಡಬೇಡಿ. ನೋಡಲು ಹೋಗುವಾಗ ಅಪ್ಪ, ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರೇ ಮೆಟ್ಟಿಲು ಹತ್ತಿ ನೋಡಲಿ.