ಸುಮಾ, ಕರಡಿ ವಿಷಯ ಆಮೇಲೆ

ಸುಮಾ, ಗುಂಪಿನಲ್ಲಿ ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಅದಕ್ಕೇ ಮಾತಾಡುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತೆ. ತಪ್ಪಿದ್ದರೆ ಸರಿಮಾಡಿ ಓದಿಕೊಳ್ಳಿ. ಪುಟ್ಟು ಕೆನಡಾದ ಕ್ಯಾಲ್ಗರಿಯಲ್ಲಿ ಕೂತು ಆ 'ದಿ ರೆವೆನೆಂಟ್' ಸಿನಿಮಾ ನೋಡಿ, ಅದರ ಶೂಟಿಂಗ್ ಆದ ಕನನಾಸ್ಕಿಸ್ ಕಾಡಿಗೇ ಟೆಂಟು ಹೊತ್ತುಕೊಂಡು ನಾಲ್ಕು ದಿನ ಹೋಗುತ್ತಾನಂತೆ, ಅಲ್ಲಿ ಕರಡಿ ಇದೆಯಂತೆ, ಏನು ಮಾಡಲಿ ಮಾವ ಅಂತ ಕೇಳಿದ್ದೀಯ. ಅವನು ಥೇಟ್ ಅವರ ತಾತ.

ಆ ಸಿನಿಮಾ ನಾನು ಎರಡು ಸಲ ನೋಡಿದ್ದೇನೆ. ಕರಡಿ ಬಂದ ಕೂಡಲೇ ನಿಮ್ಮತ್ತೆ ಎದ್ದು ಅಡುಗೆಮನೆಗೆ ಹೋದಳು. ಎಲ್ಲರೂ ಆ ಕರಡಿಯನ್ನೇ ಹಿಡಿದುಕೊಂಡಿದ್ದೀರಿ, ಅದು ಕಂಪ್ಯೂಟರಿನಲ್ಲಿ ಮಾಡಿದ್ದು ಕಣಮ್ಮ. ಅದರ ನಾಯಕ ಹ್ಯೂ ಗ್ಲಾಸ್ ಅನ್ನುವವನು ಮಾತ್ರ ನಿಜವಾಗಿ ಇದ್ದವನು. 1823ರಲ್ಲಿ, ಈಗಿನ ಸೌತ್ ಡಕೋಟಾ ಕಡೆ, ಪ್ರಾಣಿಗಳ ತುಪ್ಪಳದ ವ್ಯಾಪಾರಕ್ಕೆ ಹೋದ ಗುಂಪಿನಲ್ಲಿ ಇದ್ದ. ಕರಡಿ ಸಿಗಿದು ಹಾಕಿತು, ಸರಿ, ಮರಿ ಇದ್ದ ತಾಯಿಕರಡಿ ಇನ್ನೇನು ಮಾಡುತ್ತೆ? ಆದರೆ ಸಾಯೋವರೆಗೆ ಜೊತೆಗಿರಿ, ಮಣ್ಣು ಮಾಡಿ ಬನ್ನಿ, ದುಡ್ಡು ಕೊಡ್ತೀವಿ ಅಂತ ಒಪ್ಪಿಸಿ ಗುಂಪಿನವರು ಇಬ್ಬರನ್ನು ಬಿಟ್ಟು ಹೋದರು, ಆ ಇಬ್ಬರು ಉಸಿರಾಡ್ತಿದ್ದವನ ಬಂದೂಕು ಎತ್ತಿಕೊಂಡು ಹೋದರಲ್ಲ, ಕಥೆ ಇರೋದು ಅಲ್ಲಿ. ಕರಡಿ ನೋಡಬೇಡ ಸುಮಾ, ಜೊತೆಯವರನ್ನು ನೋಡು.

ನನ್ನ ಕುಮಾರಪರ್ವತದ ಕಥೆ ಗೊತ್ತಿಲ್ಲದವರು ಈ ಗುಂಪಿನಲ್ಲಿ ಯಾರೂ ಇಲ್ಲ, ಆದರೂ ಹೇಳುತ್ತೇನೆ. 1981, ಡಿಸೆಂಬರ್. ಶೇಷಪರ್ವತ ಇಳಿಯುವಾಗ ಒಣಹುಲ್ಲಿನ ಮೇಲೆ ಜಾರಿ ಪಾದ ಹೊರಳಿತು, ನೋಡ್ತಾ ನೋಡ್ತಾ ಬದನೆಕಾಯಿ ಥರ ಊದಿತು. ಜೊತೆಗಿದ್ದ ಇಬ್ಬರು, ನೀನು ಇಲ್ಲೇ ಕೂತಿರು, ಕೆಳಗಿನ ಗಿರಿಗದ್ದೆಯಿಂದ ಜನ ಕರೆದುಕೊಂಡು ಬರ್ತೀವಿ ಅಂದರು. ನೀರೂ ಅವರ ಹತ್ತಿರ, ಟಾರ್ಚೂ ಅವರ ಹತ್ತಿರ. ಟಾರ್ಚು ಅಪ್ಪನದು, ಹಿತ್ತಾಳೆಯದು, ಮೂರು ಸೆಲ್ಲಿನದು, ಸ್ವಿಚ್ಚಿನ ಪಕ್ಕದಲ್ಲಿ ಅಪ್ಪ ಮೊಳೆಯಿಂದ ತನ್ನ ಇನಿಷಿಯಲ್ ಕೆತ್ತಿದ್ದ. ಕತ್ತಲಾಯಿತು. ಯಾರೂ ಬರಲಿಲ್ಲ. ಆ ಗಾಳಿ ಈಗಲೂ ಕಿವಿಯಲ್ಲಿದೆ. ಬೆಳಕು ಹರಿದ ಮೇಲೆ ಕೂತುಕೊಂಡೇ ತೆವಳುತ್ತಾ, ಪ್ಯಾಂಟಿನ ಹಿಂಭಾಗ ಪೂರ್ತಿ ಹರಿದು, ಮಧ್ಯಾಹ್ನಕ್ಕೆ ಗಿರಿಗದ್ದೆ ಮುಟ್ಟಿದೆ. ಅವರಿಬ್ಬರು ಹಿಂದಿನ ರಾತ್ರಿಯೇ ಸುಬ್ರಹ್ಮಣ್ಯದಲ್ಲಿ ಬಸ್ಸು ಹತ್ತಿದ್ದರಂತೆ. ಮಾರನೇ ದಿನ ಆಫೀಸಿತ್ತಂತೆ.

ಗ್ಲಾಸು ಮುನ್ನೂರು ಕಿಲೋಮೀಟರಿಗೂ ಜಾಸ್ತಿ ತೆವಳಿ ಕುಂಟಿ ಮಿಸ್ಸೌರಿ ನದಿ ದಡದ ಕೋಟೆ ಸೇರಿದ. ನನ್ನದು ಅಷ್ಟಿಲ್ಲ, ಒಪ್ಪಿದೆ. ಅವನ ಪಾತ್ರ ಮಾಡಿದ ಡಿಕ್ಯಾಪ್ರಿಯೊಗೆ ಆಸ್ಕರ್ ಕೊಟ್ಟರು, ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕರಡಿ ಬಿಡು, ಪುಟ್ಟು ಜೊತೆ ಹೋಗೋರು ಯಾರು, ಕಾಲು ಉಳುಕಿದರೆ ಪಕ್ಕದಲ್ಲಿ ಕೂರುವವರಾ, ಬಸ್ಸು ಹತ್ತುವವರಾ, ಅದನ್ನು ಕೇಳು.

ಸಿನಿಮಾದಲ್ಲಿ ಆ ಇಬ್ಬರಲ್ಲಿ ಒಬ್ಬ ಗ್ಲಾಸಿನ ಮಗನನ್ನು ಕೊಂದ ಅಂತ ಸೇಡು. ಮಗನ ಕೊಲೆ ಸಿನಿಮಾಕ್ಕೆ ಸೇರಿಸಿದ್ದು. ನಿಜವಾದ ಗ್ಲಾಸು ಆ ಇಬ್ಬರಲ್ಲಿ ಯಾರನ್ನೂ ಕೊಲ್ಲಲಿಲ್ಲ. ಚಿಕ್ಕ ಹುಡುಗನನ್ನು ವಯಸ್ಸು ನೋಡಿ ಬಿಟ್ಟ, ಫಿಟ್ಜೆರಾಲ್ಡ್ ಅನ್ನುವವನು ಅಷ್ಟರಲ್ಲಿ ಸೈನ್ಯ ಸೇರಿದ್ದ, ಮುಟ್ಟೋ ಹಾಗಿರಲಿಲ್ಲ. ಆದರೆ ಬಂದೂಕು ವಾಪಸ್ ಬಂತಲ್ವಾ! ನನ್ನ ಟಾರ್ಚು? ನನ್ನನ್ನು ಬಿಟ್ಟು ಹೋದ ಇಬ್ಬರಲ್ಲಿ ಒಬ್ಬ ಯಾರು ಅಂತ ನಿಮಗೆಲ್ಲ ಗೊತ್ತು, ಹೆಸರು ಬೇಡ, ಇದೇ ಗುಂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಗುಲಾಬಿ ಹಾಕ್ತಾನೆ. ಹೋದ ತಿಂಗಳು ಗೃಹಪ್ರವೇಶದ ಊಟಕ್ಕೆ ನನ್ನ ಪಕ್ಕದ ಎಲೆಗೇ ಅವನನ್ನು ಕೂರಿಸಿದರು. ಬೇಕಂತಲೇ ಅಲ್ವಾ? ಹೋಳಿಗೆ ಬಂದಾಗ, ಇವನಿಗೆ ಇನ್ನೊಂದು ಹಾಕಿ, ತೆವಳಿ ತೆವಳಿ ಸೊರಗಿದ್ದಾನೆ ಅಂದ. ಪಂಕ್ತಿಯೆಲ್ಲ ನಕ್ಕಿತು. ನಿಮ್ಮತ್ತೆಯೂ ನಕ್ಕಳು. ನಾನು ಹೋಳಿಗೆ ಮುಟ್ಟಲಿಲ್ಲ, ಪಾಯಸಕ್ಕೂ ಕಾಯಲಿಲ್ಲ, ಅದನ್ನು ಯಾರಾದರೂ ಗಮನಿಸಿದಿರಾ?

ಹಾಂ, ಕರಡಿ. ನೀನು ಕೇಳಿದ್ದು ಅದು. ಬೇರ್ ಸ್ಪ್ರೇ ಅಂತ, ಕರಡಿ ಮುಖಕ್ಕೆ ಹೊಡೆಯೋ ಖಾರದ ಸ್ಪ್ರೇ ಸಿಗುತ್ತೆ, ಕ್ಯಾಲ್ಗರಿಯಲ್ಲೇ ಕೊಳ್ಳಲಿ, ವಿಮಾನದಲ್ಲಿ ಬಿಡಲ್ಲ, ನೀನು ಇಲ್ಲಿಂದ ಕಳಿಸೋಕೆ ಹೋಗಬೇಡ. ಅದು ಬ್ಯಾಗಿನೊಳಗಲ್ಲ, ಸೊಂಟದಲ್ಲಿ ಇರಬೇಕು. ನಡೆಯುವಾಗ ಜೋರಾಗಿ ಮಾತಾಡ್ತಾ ಹೋಗಲಿ, ಅವನಿಗೆ ಅದು ಕಷ್ಟ ಇಲ್ಲ. ಕರಡಿ ಕಂಡರೆ ನೂರು ಮೀಟರ್ ದೂರ ಇರಲಿ, ಓಡಬಾರದು. ಮರಿಯಿರುವ ಗ್ರಿಜ್ಲಿ ಕರಡಿ ಮೇಲೆ ಬಿದ್ದೇ ಬಿಟ್ಟರೆ ಬೋರಲು ಮಲಗಿ, ಕತ್ತಿನ ಹಿಂದೆ ಎರಡೂ ಕೈ ಹೆಣೆದು, ಬೆನ್ನ ಮೇಲಿನ ಬ್ಯಾಗು ತೆಗೆಯದೆ ಸುಮ್ನೆ ಬಿದ್ದಿರಬೇಕು. ಆ ಕಾಡಿನಲ್ಲಿ ಮೊಬೈಲ್ ನೆಚ್ಚಿಕೊಳ್ಳಬಾರದು, ಸ್ಯಾಟಲೈಟ್‌ನಿಂದ ಮೆಸೇಜ್ ಕಳಿಸುವ ಸಣ್ಣ ಯಂತ್ರ ಬರುತ್ತೆ, ಅದು ಇಲ್ಲದೆ ಹೊರಡಬೇಡ ಅನ್ನು. ಮತ್ತೆ ಸಿನಿಮಾದ ಕೊನೆಯ ಹೊಡೆದಾಟದ ಜಾಗ ಹುಡುಕಿಕೊಂಡು ಅಲೆಯೋದು ಬೇಡ, ಕೆನಡಾದಲ್ಲಿ ಹಿಮ ಕರಗಿ ಅದನ್ನು ಅರ್ಜೆಂಟೀನಾಕ್ಕೆ ಹೋಗಿ ತೆಗೆದರು.

ನೀನು ಕಳಿಸಿದ ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಯಾವುದೂ ಟೆಂಟಿನೊಳಗೆ ಇರಬಾರದು, ವಾಸನೆಗೇ ಬರುತ್ತೆ. ಕ್ಯಾಂಪಿನಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ಟೂತ್‌ಪೇಸ್ಟು ಸಮೇತ ಅದರಲ್ಲಿಡಲಿ. ಟಾರ್ಚು ಮಾತ್ರ ತನ್ನ ಹತ್ತಿರವೇ ಇಟ್ಟುಕೊಳ್ಳಲಿ.