ಸಿಂಪ್ಲಿಸೇವ್, ಸಿಂಪ್ಲಿಕ್ಲಿಕ್, ಕ್ಯಾಶ್‌ಬ್ಯಾಕ್: ಎಸ್‌ಬಿಐ ಕಾರ್ಡ್‌ಗಳಲ್ಲಿ ಯಾವುದು ಲಾಭ?

ಪ್ರಶ್ನೆ: ಸರ್, ಎಸ್‌ಬಿಐ ಕಾರ್ಡ್‌ನ ಈ ಮೂರು ಕ್ರೆಡಿಟ್ ಕಾರ್ಡ್‌ಗಳಲ್ಲಿ ಒಂದನ್ನು ತಗೋಬೇಕು. ತಿಂಗಳಿಗೆ ಆನ್‌ಲೈನ್ ಖರೀದಿ 12,000, ಸೂಪರ್‌ಮಾರ್ಕೆಟ್ ದಿನಸಿ 8,000 ಆಗುತ್ತೆ. ಸಿಂಪ್ಲಿಸೇವ್‌ನಲ್ಲಿ ದಿನಸಿಗೆ 10 ಪಟ್ಟು ಪಾಯಿಂಟ್ ಅಂತಾರೆ. ಅದೇ ಒಳ್ಳೇದಲ್ವಾ?

ಉತ್ತರ: 10 ಪಟ್ಟು ಸರಿ, ಆದರೆ ಒಂದು ಪಾಯಿಂಟ್‌ಗೆ ಸಿಗೋದು 25 ಪೈಸೆ. ದಿನಸಿ, ಹೋಟೆಲ್ ಊಟ, ಸಿನಿಮಾಗೆ ಪ್ರತಿ 150 ರೂಪಾಯಿಗೆ 10 ಪಾಯಿಂಟ್ ಅಂದರೆ ಎರಡೂವರೆ ರೂಪಾಯಿ, ಶೇ 1.67. ಮಿಕ್ಕ ಖರ್ಚಿಗೆ 150ಕ್ಕೆ ಒಂದೇ ಪಾಯಿಂಟ್. ನಿಮ್ಮ ದಿನಸಿಗೆ ವರ್ಷಕ್ಕೆ 1,600, ಆನ್‌ಲೈನ್‌ಗೆ 240, ಒಟ್ಟು 1,840 ರೂಪಾಯಿ ಬರುತ್ತೆ.

ಸಿಂಪ್ಲಿಕ್ಲಿಕ್‌ನಲ್ಲಿ ಆನ್‌ಲೈನ್‌ಗೆ ಶೇ 1.25, ಒಪ್ಪಂದದ ಕೆಲವು ಸೈಟ್‌ಗಳಲ್ಲಿ ಮಾತ್ರ ಶೇ 2.5. ಆ ಸೈಟ್‌ಗಳ ಪಟ್ಟಿ ಆಗಾಗ ಬದಲಾಗುತ್ತೆ, ಅದನ್ನೇ ನಂಬಿ ಕಾರ್ಡ್ ತಗೋಬೇಡಿ.

ಕ್ಯಾಶ್‌ಬ್ಯಾಕ್ ಕಾರ್ಡ್ ಆನ್‌ಲೈನ್‌ಗೆ ಶೇ 5, ಅಂಗಡಿಯಲ್ಲಿ ಶೇ 1 ಕೊಡುತ್ತೆ. ನಿಮಗೆ 7,200 ಮತ್ತು 960, ಅಂದರೆ 8,160 ರೂಪಾಯಿ. ಮೊದಲ ವರ್ಷದ ಶುಲ್ಕ 999, ಜಿಎಸ್‌ಟಿ ಸೇರಿ ಸುಮಾರು 1,179 ಕಳೆದರೂ 6,981 ಉಳಿಯುತ್ತೆ. ವರ್ಷಕ್ಕೆ 2 ಲಕ್ಷ ಖರ್ಚು ದಾಟಿದರೆ ನವೀಕರಣ ಶುಲ್ಕ ಮನ್ನಾ, ನಿಮ್ಮದು 2.4 ಲಕ್ಷ. ನನ್ನ ಮಾತು ಕೇಳೋದಾದರೆ ಇದನ್ನೇ ತಗೊಳ್ಳಿ. ತಿಂಗಳಿಗೆ ಇಷ್ಟೇ ಕ್ಯಾಶ್‌ಬ್ಯಾಕ್ ಅಂತ ಮಿತಿ ಇದೆ, ಅರ್ಜಿ ಹಾಕೋ ದಿನ ಅದೆಷ್ಟು ಅಂತ ನೋಡಿಕೊಳ್ಳಿ.

ಪ್ರಶ್ನೆ: ಬೆಸ್ಕಾಂ ಬಿಲ್ಲು, ಎಲ್‌ಐಸಿ ಕಂತು, ಮಗಳ ಶಾಲಾ ಫೀಸು ಎಲ್ಲಾ ಆನ್‌ಲೈನೇ ಕಟ್ಟೋದು. ಅದಕ್ಕೂ ಶೇ 5 ಸಿಗುತ್ತಾ?

ಉತ್ತರ: ಇಲ್ಲ ಮೇಡಂ, ಬಹಳ ಜನ ಎಡವೋದೇ ಇಲ್ಲಿ. ಕರೆಂಟ್ ಬಿಲ್ಲು, ವಿಮೆ, ಶಾಲಾ ಫೀಸು, ಬಾಡಿಗೆ, ಪೆಟ್ರೋಲು, ವ್ಯಾಲೆಟ್‌ಗೆ ತುಂಬೋ ದುಡ್ಡು, ಒಡವೆ, ರೈಲ್ವೆ ಟಿಕೆಟ್ ಯಾವುದಕ್ಕೂ ಕ್ಯಾಶ್‌ಬ್ಯಾಕ್ ಇಲ್ಲ. ಫೋನನ್ನು ಇಎಂಐಗೆ ಹಾಕಿಸಿದರೂ ಇಲ್ಲ. ಯಾವ ಆ್ಯಪ್‌ನಿಂದ ಕಟ್ಟಿದಿರಿ ಅಂತಲ್ಲ, ದುಡ್ಡು ತಗೊಂಡವರದು ಯಾವ ಬಗೆಯ ವ್ಯಾಪಾರ ಅಂತ ತೋರಿಸೋ ಕೋಡ್ ನೋಡ್ತಾರೆ. ನಿಮ್ಮ 12,000ದಲ್ಲಿ ಇವೇ 7,000 ಇದ್ದರೆ, ಶೇ 5 ಸಿಗೋದು 5,000ಕ್ಕೆ, ತಿಂಗಳಿಗೆ 250 ಮಾತ್ರ. ಮೂರು ತಿಂಗಳ ಖರ್ಚು ಬರೆದಿಟ್ಟು, ಇವನ್ನು ಹೊಡೆದು ಹಾಕಿ ಆಮೇಲೆ ಲೆಕ್ಕ ಮಾಡಿ.

ಪ್ರಶ್ನೆ: ಪಾಯಿಂಟ್ ಹಾಗೇ ಕೂಡಿಡಬಹುದಾ?

ಉತ್ತರ: 24 ತಿಂಗಳು. ಆಮೇಲೆ ಹೋಗುತ್ತೆ. ಬಳಸುವಾಗಲೂ 99 ರೂಪಾಯಿ ಮತ್ತು ಜಿಎಸ್‌ಟಿ ಹಿಡಿಯುತ್ತಾರೆ, ಹಾಗಾಗಿ ಚಿಲ್ಲರೆಯಾಗಿ ಬಳಸಬೇಡಿ. ಕ್ಯಾಶ್‌ಬ್ಯಾಕ್ ಕಾರ್ಡ್‌ನಲ್ಲಿ ಈ ತಲೆಬಿಸಿ ಇಲ್ಲ, ಸ್ಟೇಟ್‌ಮೆಂಟ್ ಬಂದ ಮೇಲೆ ತಾನಾಗಿ ಜಮಾ ಆಗುತ್ತೆ. ಬಿಲ್ಲು ಮಾತ್ರ ಪೂರ್ತಿ ಕಟ್ಟಿ. ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಹೇಳಿರೋ ಕನಿಷ್ಠ ಮೊತ್ತ ಮಾತ್ರ ಕಟ್ಟಿ ಬಿಟ್ಟರೆ ಬಡ್ಡಿ ತಿಂಗಳಿಗೆ ಶೇ 3.75, ಹೊಸ ಖರೀದಿಗೂ ಮೊದಲ ದಿನದಿಂದಲೇ.