ಹಿತ್ತಲ ಮನೆಗೆ ಅಡ್ಡಿಯಾಗಿರುವ ಸಂಘದ ನಿಯಮ: ಬೋರ್ಡಿಗೆ ಜಂಟಿ ಪತ್ರ ಕೊಡುವ ಬಗ್ಗೆ

ಪಾರ್ಕಿನ ಪಕ್ಕದ ಮನೆಯವರು:

ಬಡಾವಣೆಯ ಎಲ್ಲ ಕನ್ನಡ ಕುಟುಂಬಗಳಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ 740 ಚದರ ಅಡಿಯ, ಒಂದೇ ಅಂತಸ್ತಿನ ಎಡಿಯು (ಮುಖ್ಯ ಮನೆಯ ನಿವೇಶನದಲ್ಲೇ ಕಟ್ಟುವ ಎರಡನೆಯ ಚಿಕ್ಕ ಮನೆ) ಕಟ್ಟಿಕೊಳ್ಳಲು ನಾವು ಕೊಟ್ಟ ಅರ್ಜಿಯನ್ನು ನಮ್ಮ ಮನೆಮಾಲೀಕರ ಸಂಘದ ವಿನ್ಯಾಸ ಸಮಿತಿಯು ಎರಡನೆಯ ಸಲವೂ ತಿರಸ್ಕರಿಸಿದೆ. "ಬಡಾವಣೆಯ ಸ್ವರೂಪಕ್ಕೆ ಹೊಂದುವುದಿಲ್ಲ" ಎಂಬ ಒಂದು ಸಾಲು, ಅದರ ಕೆಳಗೆ ಮೂರು ಷರತ್ತು: ಬೇಲಿಯಿಂದ 10 ಅಡಿ ಬಿಡಬೇಕು, ಇನ್ನೊಂದು ಕಾರಿಗೆ ಸೂರಿರುವ ಜಾಗ ತೋರಿಸಬೇಕು, ಮಾಲೀಕರು ಎಂದೆಂದಿಗೂ ಇದೇ ನಿವೇಶನದಲ್ಲಿ ವಾಸವಾಗಿರುತ್ತೇವೆಂದು ಪ್ರಮಾಣಪತ್ರ ಬರೆದುಕೊಡಬೇಕು.

ಸ್ಯಾನ್ ಹೋಸೆ ನಗರದ ವಲಯ ನಿಯಮಗಳು ನಮಗೆ ಎಲ್ಲಿಯೂ ಅಡ್ಡ ಬಂದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮಲ್ಲಿ ಹಲವರು ನಗರಸಭೆಯೇ ಒಪ್ಪುವುದಿಲ್ಲವೆಂದು ತಿಳಿದು ಅರ್ಜಿಯನ್ನೇ ಹಾಕದೆ ಕುಳಿತಿದ್ದಾರೆ. 2020ರ ಜನವರಿಯಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನ ಪ್ರಕಾರ ಹಿಂಬದಿಗೆ ಮತ್ತು ಪಕ್ಕಕ್ಕೆ 4 ಅಡಿ ಬಿಟ್ಟು, 800 ಚದರ ಅಡಿಯೊಳಗೆ, 16 ಅಡಿ ಎತ್ತರದೊಳಗೆ ಕಟ್ಟುವ ಪ್ರತ್ಯೇಕ ಎಡಿಯುವನ್ನು ಕ್ಯಾಲಿಫೋರ್ನಿಯಾದ ಯಾವ ನಗರವೂ ತನ್ನ ವಿಸ್ತೀರ್ಣದ ಲೆಕ್ಕ ಮುಂದೆ ಮಾಡಿ ತಡೆಯುವಂತಿಲ್ಲ. ಪೂರ್ಣ ಅರ್ಜಿ ಕೈಸೇರಿದ 60 ದಿನಗಳೊಳಗೆ ಅದು ತೀರ್ಮಾನವನ್ನೂ ಕೊಡಬೇಕು.

ಕಳೆದ ಶನಿವಾರ ನಾನೂ ನನ್ನ ಮಗನೂ ಹಿತ್ತಲಲ್ಲಿ ಗೂಟ ನೆಟ್ಟು ಎರಡು ದಾರ ಕಟ್ಟಿ ನೋಡಿದೆವು. ಮನೆಯ ಹಿಂಗೋಡೆಯಿಂದ ಬೇಲಿಗೆ 32 ಅಡಿ ಇದೆ. ಎರಡು ಮನೆಗಳ ನಡುವೆ 8 ಅಡಿ, ಬೇಲಿಯ ಕಡೆ 4 ಅಡಿ ಬಿಟ್ಟರೆ ಕಟ್ಟಡಕ್ಕೆ 20 ಅಡಿ ಆಳ ಸಿಗುತ್ತದೆ. ಸಮಿತಿ ಕೇಳುವಂತೆ 10 ಅಡಿ ಬಿಟ್ಟರೆ ಉಳಿಯುವುದು 14. ಗಾಲಿಕುರ್ಚಿ ಪೂರ್ತಿ ತಿರುಗಲು ಬಚ್ಚಲುಮನೆಯಲ್ಲಿ 5 ಅಡಿ ಅಗಲದ ಖಾಲಿ ಜಾಗ ಬೇಕು. ಆ 14 ಅಡಿಯಲ್ಲಿ ಮಲಗುವ ಕೋಣೆ, ಅಡಿಗೆಮನೆ, ಇಂಥ ಬಚ್ಚಲು ಮೂರನ್ನೂ ಕೂಡಿಸಲು ನಮ್ಮ ವಿನ್ಯಾಸಕಾರರು ಎರಡು ಸಲ ಗೆರೆ ಎಳೆದು ನೋಡಿ ಕೈಚೆಲ್ಲಿದರು. ಮಾವ ತೀರಿಕೊಂಡ ಮೇಲೆ ಶಿವಮೊಗ್ಗದ ಮನೆಗೆ ಬೀಗ ಹಾಕಿ ನಮ್ಮ ಜೊತೆ ಇರಲು ಬಂದ ಅತ್ತೆಯವರು ಮೆಟ್ಟಿಲು ಹತ್ತಲಾಗದೆ, ನಾಲ್ಕು ವರ್ಷದಿಂದ ಮುಂದಿನ ಹಜಾರದಲ್ಲಿ ಸೀರೆಯೊಂದನ್ನು ಪರದೆ ಮಾಡಿಕೊಂಡು ಮಲಗುತ್ತಿದ್ದಾರೆ. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಎದ್ದು ಕುಳಿತು ಸೆರಗು ಸರಿಮಾಡಿಕೊಳ್ಳುತ್ತಾರೆ.

ಇದು ನಮ್ಮೊಬ್ಬರ ತೊಂದರೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಇದೇ ಬೀದಿಯಲ್ಲಿ ಇನ್ನೂ ಮೂರು ಮನೆಯವರಿಗೆ ಇದೇ ಮಾದರಿಯ ಉತ್ತರ ಬಂದಿದೆ. ಒಬ್ಬೊಬ್ಬರೇ ಕಾಗದ ಹಿಡಿದು ಓಡಾಡುವ ಬದಲು ಎಲ್ಲರೂ ಸೇರಿ ಸಂಘದ ಆಡಳಿತ ಮಂಡಳಿಗೆ, ಅಂದರೆ ಬೋರ್ಡಿಗೆ, ಒಂದೇ ಪತ್ರ ಕೊಡೋಣವೇ?

ಕ್ಲಬ್‌ಹೌಸ್ ಎದುರಿನ ಮನೆಯ ಹಿರಿಯರು:

ತಾಯಿ, ಖಂಡಿತ ಕೊಡೋಣ. ಈ ಹಿಂದೆ ಬೇರೊಂದು ಬಡಾವಣೆಯ ಬೋರ್ಡಿನಲ್ಲಿ ಆರು ವರ್ಷ ಇದ್ದವನಾದ್ದರಿಂದ ಕೆಲವು ಮಾತುಗಳನ್ನು ಖಚಿತವಾಗಿ ಹೇಳಬಲ್ಲೆ. 2019ರಲ್ಲಿ ಅಂಗೀಕಾರವಾದ ರಾಜ್ಯದ ಎಬಿ (ಅಸೆಂಬ್ಲಿ ಬಿಲ್) 670 ಮಸೂದೆಯಿಂದ ಕ್ಯಾಲಿಫೋರ್ನಿಯಾದ ಸಿವಿಲ್ ಕೋಡ್‌ಗೆ 4751ನೆಯ ಸೆಕ್ಷನ್ ಸೇರಿತು. ಒಂಟಿ ಕುಟುಂಬದ ವಾಸಕ್ಕೆಂದು ಗುರುತಾದ ನಿವೇಶನದಲ್ಲಿ ಎಡಿಯು ಕಟ್ಟುವುದನ್ನು ನಿಷೇಧಿಸುವ, ಅಥವಾ ಹೆಸರಿಗೆ ಅನುಮತಿ ಇದ್ದರೂ ಕಟ್ಟಲಾಗದಂತೆ ಕಟ್ಟಿಹಾಕುವ ಸಂಘದ ಯಾವುದೇ ನಿಯಮವು ಅಸಿಂಧು ಎಂದು ಅದು ಹೇಳುತ್ತದೆ. ಸಮಂಜಸವಾದ ಷರತ್ತುಗಳಿಗೆ ಅವಕಾಶವಿದೆ, ಆದರೆ ಖರ್ಚನ್ನು ವಿಪರೀತ ಏರಿಸುವ ಅಥವಾ ಕಟ್ಟುವುದನ್ನೇ ಅಸಾಧ್ಯ ಮಾಡುವ ಷರತ್ತು ಸಮಂಜಸವಲ್ಲ. ಹೆಂಚಿನ ಬಣ್ಣ ಮುಖ್ಯ ಮನೆಯದಕ್ಕೆ ಹೊಂದಲಿ ಎಂದು ಕೇಳುವುದು ಒಂದು ಬಗೆ. 20 ಅಡಿಯ ಆಳವನ್ನು 14ಕ್ಕೆ ಇಳಿಸುವುದು ಬೇರೆಯೇ ಬಗೆ. ಮಾಲೀಕರ ವಾಸದ ಷರತ್ತನ್ನಂತೂ ಎಡಿಯು ವಿಷಯದಲ್ಲಿ ನಗರಗಳೇ ಹಾಕದಂತೆ 2023ರ ಎಬಿ 976 ಶಾಶ್ವತವಾಗಿ ತಡೆದಿರುವಾಗ, ಸಂಘವು ಅದನ್ನು ಹಿಂಬಾಗಿಲಿನಿಂದ ತರುವುದು ನನ್ನ ಮಟ್ಟಿಗೆ ಸರಿಯಲ್ಲ. ಮನೆಯೊಳಗೇ 500 ಚದರ ಅಡಿಯವರೆಗೆ ಮಾಡಿಕೊಳ್ಳುವ ಜೂನಿಯರ್ ಎಡಿಯುವಿನ ಮಾತು ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಇನ್ನೊಂದು ಮುಖ್ಯ ಮಾತು. ಸಮಿತಿಯು ಅರ್ಜಿಯನ್ನು ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ವಿವರಿಸಬೇಕು, ಬೋರ್ಡಿನ ಮುಂದೆ ಮರುಪರಿಶೀಲನೆ ಕೇಳುವ ದಾರಿಯನ್ನೂ ತಿಳಿಸಬೇಕು. ಆ ಮರುಪರಿಶೀಲನೆ ಸದಸ್ಯರೆಲ್ಲರಿಗೂ ತೆರೆದ ಸಭೆಯಲ್ಲೇ ನಡೆಯಬೇಕು. ಇದು ಅದೇ ಸಿವಿಲ್ ಕೋಡ್‌ನ 4765ನೆಯ ಸೆಕ್ಷನ್. "ಸ್ವರೂಪಕ್ಕೆ ಹೊಂದುವುದಿಲ್ಲ" ಎಂಬ ಒಂದು ಸಾಲು ವಿವರಣೆಯಾಗುವುದಿಲ್ಲ.

ಹಿಂದಿನ ಬೀದಿಯ ಮೂಲೆ ಮನೆಯವರು:

ನನ್ನ ಮಾತು ಕಟುವೆನಿಸಿದರೆ ದಯವಿಟ್ಟು ಕ್ಷಮಿಸಿ. ಹಿರಿಯರಿಗೆ ಮನೆ ಬೇಕೆಂಬುದಕ್ಕೆ ನನ್ನ ವಿರೋಧವಿಲ್ಲ. ಆದರೆ ನಿಮ್ಮ ಬೇಲಿಯ ಈ ಕಡೆ ಇರುವುದು ನಮ್ಮ ಅಡಿಗೆಮನೆಯ ಕಿಟಕಿ, ಮತ್ತು 4 ಅಡಿ ಎಂದರೆ ಎರಡು ಹೆಜ್ಜೆ. ಸಂಜೆ ಏಳರ ನಂತರ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲವೆಂಬುದು ನಿಮಗೂ ಗೊತ್ತಿದೆ. ಎಂಟು ಮನೆಗಳಲ್ಲಿ ಎಂಟು ಎಡಿಯು ಎದ್ದು, ಅವನ್ನೆಲ್ಲ ವಾರಕ್ಕೊಬ್ಬ ಅತಿಥಿಗೆ ಬಾಡಿಗೆಗೆ ಬಿಟ್ಟರೆ ನಾವು ಯಾರಿಗೆ ಹೇಳಿಕೊಳ್ಳಬೇಕು? ಪತ್ರದಲ್ಲಿ ಇದಕ್ಕೂ ಉತ್ತರ ಇರಬೇಕೆಂದು ಕೇಳುತ್ತಿದ್ದೇನೆ.

ಮೂರನೆಯ ತಿರುವಿನ ಮನೆಯವರು (ಸಿವಿಲ್ ಎಂಜಿನಿಯರ್):

ಮೂಲೆ ಮನೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕಿಟಕಿಯದು ಸುಲಭವಾಗಿ ಬಗೆಹರಿಯುತ್ತದೆ: ಬೇಲಿಯ ಕಡೆಯ ಗೋಡೆಯಲ್ಲಿ ಎತ್ತರದ ಕಿರುಕಿಟಕಿಗಳನ್ನು ಮಾತ್ರ ಇಟ್ಟು, ದೊಡ್ಡ ಕಿಟಕಿಯನ್ನೂ ಬಾಗಿಲನ್ನೂ ಮಾಲೀಕರ ಅಂಗಳದ ಕಡೆಗೆ ತಿರುಗಿಸಿದರೆ ಸಾಕು, ಖರ್ಚೂ ಹೆಚ್ಚುವುದಿಲ್ಲ. ಬಾಡಿಗೆಯ ಬಗ್ಗೆ, 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡಬಾರದೆಂಬ ಷರತ್ತನ್ನು ಹಾಕಲು ಎಡಿಯು ಕಾನೂನೇ ಅವಕಾಶ ಕೊಡುತ್ತದೆ, ಅದನ್ನು ನಾವೇ ಮುಂದಾಗಿ ಒಪ್ಪಿಕೊಳ್ಳೋಣ.

ಕಾರಿನ ವಿಷಯ ಅಷ್ಟು ಸಲೀಸಲ್ಲ. ಸಾರ್ವಜನಿಕ ಸಾರಿಗೆಯಿಂದ ನಡೆದುಹೋಗುವ ಅರ್ಧ ಮೈಲಿಯೊಳಗೆ ಇರುವ ಎಡಿಯುವಿಗೆ ನಗರವು ಪಾರ್ಕಿಂಗ್ ಕೇಳುವಂತಿಲ್ಲ, ಗರಾಜನ್ನೇ ಮನೆ ಮಾಡಿಕೊಂಡರೆ ಕಳೆದುಹೋದ ಜಾಗಕ್ಕೆ ಬದಲಿಯನ್ನೂ ಕೇಳುವಂತಿಲ್ಲ. ನಮ್ಮ ಬಸ್ ನಿಲ್ದಾಣ ಅಷ್ಟರೊಳಗೇ ಇದೆ. ಹಾಗೆಂದು ಬೀದಿಯಲ್ಲಿ ಜಾಗ ಹುಟ್ಟುವುದಿಲ್ಲ. ನನ್ನನ್ನೂ ಸೇರಿಸಿ ನಮ್ಮಲ್ಲಿ ಅನೇಕರ ಗರಾಜುಗಳಲ್ಲಿ ಕಾರಿಲ್ಲ, ಊರಿಂದ ತಂದ ಪೆಟ್ಟಿಗೆಗಳಿವೆ. ಎಡಿಯು ಕಟ್ಟುವವರು ತಮ್ಮ ಗರಾಜನ್ನೂ ಡ್ರೈವ್‌ವೇಯನ್ನೂ ಕಾರುಗಳಿಗೆ ತೆರವು ಮಾಡಿಕೊಳ್ಳುತ್ತೇವೆಂದು ಸ್ವಯಂಪ್ರೇರಿತರಾಗಿ ಬರೆದುಕೊಟ್ಟರೆ ನೆರೆಯವರಿಗೆ ಧೈರ್ಯ ಬರುತ್ತದೆ.

ಅರ್ಜಿ ಹಾಕದವರಿಗೂ ಒಂದು ಮಾತು. 750 ಚದರ ಅಡಿಗಿಂತ ಕಡಿಮೆಯಿದ್ದರೆ ನಗರದ ಇಂಪ್ಯಾಕ್ಟ್ ಫೀ (ಹೊಸ ಕಟ್ಟಡದಿಂದ ಊರಿನ ಸೌಲಭ್ಯಗಳ ಮೇಲೆ ಬೀಳುವ ಹೊರೆಗೆಂದು ಪಡೆಯುವ ಶುಲ್ಕ) ಇಲ್ಲ, ಪಾರ್ಕಿನ ಪಕ್ಕದವರು 740ಕ್ಕೆ ನಿಂತಿರುವುದು ಅದಕ್ಕೇ. ಆದರೆ 100 ಆಂಪ್‌ನ ಹಳೆಯ ವಿದ್ಯುತ್ ಪ್ಯಾನೆಲ್ ಇರುವವರು ಅದು ಇನ್ನೊಂದು ಮನೆಯ ಹೊರೆ ತಾಳುತ್ತದೆಯೇ ಎಂದು ಪ್ಲಾನ್ ಬರೆಸುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಪಾರ್ಕಿನ ಪಕ್ಕದ ಮನೆಯವರು:

ಎಲ್ಲರ ಮಾತನ್ನೂ ಸೇರಿಸಿ ಪತ್ರವನ್ನು ತಿದ್ದಿದ್ದೇನೆ. ನಮ್ಮ ನಾಲ್ಕೂ ಅರ್ಜಿಗಳನ್ನು ಮುಂದಿನ ತೆರೆದ ಸಭೆಯಲ್ಲಿ ಮರುಪರಿಶೀಲಿಸಬೇಕು, 10 ಅಡಿಯ ನಿಯಮವನ್ನು 4ಕ್ಕೆ ಇಳಿಸಬೇಕು, ಪಾರ್ಕಿಂಗ್ ಮತ್ತು ಮಾಲೀಕರ ವಾಸದ ಷರತ್ತುಗಳನ್ನು ಕೈಬಿಡಬೇಕು ಎಂಬುದು ನಮ್ಮ ಕೋರಿಕೆ. ಇದರ ಜೊತೆಗೇ ಬೇಲಿ ಕಡೆಯ ಕಿಟಕಿ, 30 ದಿನದ ಬಾಡಿಗೆ, ಗರಾಜ್ ತೆರವು ಈ ಮೂರನ್ನೂ ನಮ್ಮ ಕಡೆಯ ಮಾತಾಗಿ ಬರೆದಿದ್ದೇನೆ. ನಿಯಮ ಬದಲಿಸುವ ಮೊದಲು ಬೋರ್ಡು ಸದಸ್ಯರಿಗೆ 28 ದಿನಗಳ ಸೂಚನೆ ಕೊಡಬೇಕಾದ್ದರಿಂದ ಈ ತಿಂಗಳೇ ಪತ್ರ ತಲುಪುವುದು ಒಳ್ಳೆಯದು. ಬೋರ್ಡು ಒಪ್ಪದಿದ್ದರೆ ಸಂಘದೊಳಗಿನ ವಿವಾದ ಪರಿಹಾರ ಮಾತುಕತೆಯನ್ನು ಲಿಖಿತವಾಗಿ ಕೇಳೋಣ. ಸದಸ್ಯರು ಕೇಳಿದರೆ ಸಂಘ ಅದನ್ನು ನಿರಾಕರಿಸುವಂತಿಲ್ಲ, ಶುಲ್ಕವನ್ನೂ ವಿಧಿಸುವಂತಿಲ್ಲ.

ಮೂಲೆ ಮನೆಯವರೇ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಹಿತ್ತಲಿಗೆ ಬನ್ನಿ. ದಾರಗಳನ್ನು ಬಿಚ್ಚಿಲ್ಲ. ನಿಮ್ಮ ಅಡಿಗೆಮನೆಯ ಕಿಟಕಿಯ ನೇರಕ್ಕೆ ನಮ್ಮ ಯಾವ ಕಿಟಕಿಯೂ ಬಾರದಂತೆ ಗೋಡೆಯ ಮೇಲೆ ಗುರುತು ಹಾಕಿಕೊಳ್ಳೋಣ, ಆಮೇಲೆ ಪತ್ರಕ್ಕೆ ಸಹಿ ಹಾಕುವುದೋ ಬೇಡವೋ ನೀವೇ ತೀರ್ಮಾನಿಸಿ.

ಹಿಂದಿನ ಬೀದಿಯ ಮೂಲೆ ಮನೆಯವರು:

ಬರುತ್ತೇವೆ. ಅಳತೆ ಟೇಪು ನಮ್ಮಲ್ಲಿದೆ, ತರುತ್ತೇನೆ.